ಗಾಲಿಯ ಒಳಮೈ

ಹೊರಮೈ ಯಾರು ಬೇಕಾದರೂ ತೊಳೆದಾರು,
ಜೂನ್ ತಿಂಗಳಲ್ಲಿ ಮಳೆಯೇ ಬಿಟ್ಟಿ ತೊಳೆಯುತ್ತದೆ.
ನನ್ನದು ಒಳಗಿನ ಕೆಲಸ.

ಕಾಳಿ ಸೇತುವೆ ಇಳಿದು ಕಾರವಾರಕ್ಕೆ ಬಂದರೆ
ಕೋಡಿಬಾಗದಲ್ಲಿ ಇನಾಸ್ ಮಾಮನ ಸರ್ವಿಸ್ ಸ್ಟೇಷನ್ನು.
ಜಾಕಿನ ಮೇಲೆ ಕಾರು ಒಂದು ಕಾಲೆತ್ತಿ ನಿಂತಿರುತ್ತದೆ
ಕಂಬ ಕಂಡ ನಾಯಿಯ ಹಾಗೆ.
ನಟ್ಟು ಬಿಚ್ಚಿ, ಗಾಲಿ ಇಳಿಸಿ,
ಕೊಪ್ಪರಿಗೆಯಂತೆ ಅಂಗಾತ ಮಲಗಿಸಿ
ಒಳಗೆ ತಲೆ ಹಾಕುತ್ತೇನೆ.

ಬ್ರೇಕಿನ ಕರಿ ಹುಡಿ. ಡಾಂಬರಿನ ಚುಕ್ಕೆ.
ಅರಬೈಲು ಘಟ್ಟದ ಕೆಂಪು ಮಣ್ಣು, ಪದರ ಪದರ.
ಬೈತಖೋಲದ ಧಕ್ಕೆಯಲ್ಲಿ ನಿಂತದ್ದಾದರೆ
ತಾರ್ಲೆ ಮೀನಿನ ಒಂದಾದರೂ ಹುರುಪೆ,
ಒಣಗಿ, ಕಳೆದುಹೋದ ಮೂಗುಬೊಟ್ಟಿನ ಹಾಗೆ ಮಿನುಗುತ್ತ.
ಎಲ್ಲಿಗೆ ಹೋಗಿದ್ದೆನೆಂದು ಒಡೆಯ
ಮನೆಯಲ್ಲಿ ಏನೇ ಹೇಳಿಕೊಳ್ಳಲಿ,
ಗಾಲಿ ನನ್ನ ಹತ್ತಿರ ಸುಳ್ಳು ಹೇಳಿದ್ದಿಲ್ಲ.

ಬಾಟಲಿಯ ಮದ್ದು ಸಿಂಪಡಿಸಿದರೆ
ಮೊದಲು ಏನೂ ಆಗುವುದಿಲ್ಲ.
ಆಮೇಲೆ ಕಬ್ಬಿಣದ ಹುಡಿ ನೇರಳೆಯಾಗಿ ಅಳಲು ಶುರು.
ನೇರಳೆ ಹಣ್ಣು ಕದ್ದು ತಿಂದ ಹುಡುಗನ ಬಾಯಿ
ಒಗೆದಷ್ಟೂ ಬಣ್ಣ ಬಿಟ್ಟಂತೆ, ನೆಲವೆಲ್ಲ.
ಕೊಳೆತ ಮೊಟ್ಟೆಯ ವಾಸನೆ.
ನನ್ನ ಹೆಸರು ಸುಗಂಧಾ.
ಹುಡುಗರು ಇನ್ನೂ ನಗುತ್ತಾರೆ.

ನಗಲಿ. ಕಡ್ಡಿಗಳ ಸಂದಿನಲ್ಲಿ ಅವರ ಕೈ ಹೋಗುವುದಿಲ್ಲ,
ನನ್ನದು ಹೋಗುತ್ತದೆ ಮೊಣಕೈವರೆಗೆ.
ಬುಟ್ಟಿಗೆ ಇಷ್ಟೆಂದು ಹನ್ನೊಂದು ವರ್ಷ
ಐಸಿನಲ್ಲಿ ಸಿಗಡಿ ಸುಲಿದ ಕೈ ಇದು,
ಬೆನ್ನಿನ ಕರಿ ನೂಲನ್ನು
ತುಂಡಾಗದಂತೆ ಒಂದೇ ಎಳೆತಕ್ಕೆ ತೆಗೆದ ಕೈ.

ಮೊದಲ ತಿಂಗಳು. ಸದಾಶಿವಗಡದ ವಕೀಲರ ಕಾರು.
ಎಷ್ಟು ತಿಕ್ಕಿದೆನೆಂದರೆ ಒಳಗೆ ನನ್ನ ಮುಖ ಕಂಡಿತು,
ಅಗಲವಾಗಿ, ಹಲ್ಲು ಬಿಟ್ಟು.
ಅಂಚಿನಲ್ಲಿ ಬೂದು ಬಣ್ಣದ್ದೇನೋ ಗಟ್ಟಿಯಾಗಿ ಅಂಟಿತ್ತು,
ಬೆರಳ ತುದಿಯಷ್ಟು, ಒಂದಲ್ಲ, ಮೂರು.
ಬ್ಲೇಡು ಹಾಕಿ ಎಬ್ಬಿಸಿದೆ.
ಮೇಣ ಹಚ್ಚಿ, ಬಟ್ಟೆ ಒರೆಸಿ, ಕೈ ಮುಗಿಯುವುದೊಂದು ಬಾಕಿ.

ಮರುದಿನ ವಕೀಲರು ಬಂದರು, ಬಾಗಿಲು ಧಡಾರ್ ಎಂದು.
ಎಂಬತ್ತು ದಾಟಿದ್ದೇ ಸ್ಟೇರಿಂಗು ಗಡಗಡ,
ಅಂಕೋಲೆಯವರೆಗೆ ಹೆಂಡತಿ ಕಣ್ಣು ಬಿಟ್ಟಿಲ್ಲವಂತೆ,
ಕೇಸು ಹಾಕುತ್ತಾರಂತೆ, ಯಾರ ಮೇಲೆಂದು ಗೊತ್ತಿಲ್ಲವಂತೆ.

ಇನಾಸ್ ಮಾಮ ಬೈಯಲಿಲ್ಲ.
ಕಸದ ಡಬ್ಬಿ ಬೋರಲು ಹಾಕಿ ಹುಡುಕಿ
ಆ ಮೂರು ತುಣುಕು ನನ್ನ ಅಂಗೈಗಿಟ್ಟ:
"ಅಂಟಿದ್ದೆಲ್ಲ ಕೊಳೆ ಅಲ್ಲ, ಬಾಯ್."

ಸೀಸ.
ಅಂಗೈಗೆ ಬಿದ್ದ ಕೂಡಲೆ ತೂಕ ಗುರುತು ಸಿಕ್ಕಿತು.
ಅಪ್ಪನ ಬೀಸುಬಲೆಯ ಅಂಚಿಗೆ
ಹಲ್ಲಿನಲ್ಲಿ ಕಚ್ಚಿ ಕಚ್ಚಿ ಕೂರಿಸಿದ ಅದೇ ಸೀಸ,
ಆರು ವರ್ಷದ ನಾನು ಆಟಕ್ಕೆಂದು ನಾಲ್ಕು ಕಿತ್ತಿದ್ದಕ್ಕೆ
ಬಲೆ ನೀರಲ್ಲಿ ಲಂಗದಂತೆ ಎದ್ದು,
ಬೊಗಸೆ ಮೀನು ಅಡಿಯಿಂದ ಹೋಗಿ,
ಅವತ್ತು ರಾತ್ರಿ ಬರೀ ಗಂಜಿ.
ಬೆನ್ನಿಗೆ ಬಿದ್ದ ಏಟು ನೆನಪಿತ್ತು,
ಯಾಕೆ ಬಿತ್ತೆಂಬುದು ಮರೆತಿತ್ತು.

ಈಗ ಬ್ರಷ್ಷಿಗಿಂತ ಮೊದಲು ಬೆರಳು.
ಕಣ್ಣು ಮುಚ್ಚಿ ಅಂಚಿನ ಸುತ್ತ ಒಮ್ಮೆ ಹೋಗಿ ಬರುತ್ತೇನೆ,
ಇದು ಡಾಂಬರು, ಇದು ಮಣ್ಣು,
ಇದು ಇರಲಿ.

ವಕೀಲರು ಈಗಲೂ ಬರುತ್ತಾರೆ, ಐವತ್ತು ರೂಪಾಯಿಗೆ ಚೌಕಾಸಿ:
"ಒಳಗೆ ಬೇಡ ಮಾರಾಯ್ತಿ, ಯಾರು ನೋಡ್ತಾರೆ?"
ಆಯ್ತು ಅನ್ನುತ್ತೇನೆ. ಅವರು ಚಹಾಕ್ಕೆ ಹೋದಾಗ ಬಿಚ್ಚುತ್ತೇನೆ.

ಹೊರಟ ಕಾರು ಸೇತುವೆ ಹತ್ತುವ ಸದ್ದಿಗೆ
ಒದ್ದೆ ಬಟ್ಟೆ ಹಿಂಡುತ್ತ ಕಿವಿ ಕೊಡುತ್ತೇನೆ.
ಜೋಡಣೆ ದಾಟುವಾಗ ಧಡ್, ಮತ್ತೆ ಧಡ್,
ನಡುವೆ ಏನೂ ಇಲ್ಲ.
ಬಕೆಟ್ಟಿನ ನೀರು ಇನ್ನೂ ನೇರಳೆ.