ಯಾರ ಪೈಕಿ

ಮೆಕ್ಕೆಜೋಳದ ಸುಗ್ಗಿ. ದಾವಣಗೆರೆ ಎಪಿಎಂಸಿ ಅಂಗಳದಲ್ಲಿ
ಬೆಳಗಿನಿಂದ ಎರಡೂ ಕಾಟಾ ಬಂದ್.
ಒಂದು ಲಾರಿ ತಟ್ಟೆಯ ಮೇಲೆ, ಹದಿನೇಳು ಅದರ ಹಿಂದೆ,
ಹಾರನ್ ಹೊಡೆದೂ ಹೊಡೆದೂ ಈಗ ಸುಮ್ಮನಾಗಿವೆ.
ಹಮಾಲಿ ಮಾಬುಸಾಬರು ಖಾಲಿ ಚೀಲದ ಮೇಲೆ ಕೂತು
ಮಂಡಕ್ಕಿಗೆ ಮೆಣಸಿನಕಾಯಿ ಕಚ್ಚುತ್ತ ಕೇಳುತ್ತಾರೆ:
"ಏನಂತೆ ಮಗಳೇ, ಮಿಷನ್ನಿನ ತಕರಾರು?"

ತಕರಾರು ಇಷ್ಟೇ ಸಾಬರೇ.
ಒಂದನೇ ಕಾಟಾದ ಡಿಸ್ಕನ್ನು ಯಾರೋ ಪುಣ್ಯಾತ್ಮರು
ಹಾಗೇ ನಕಲು ಹೊಡೆದು ಎರಡನೆಯದಕ್ಕೆ ಹಾಕಿದ್ದಾರೆ.
ಡಬ್ಬಿ ಹೊಸತು, ಕಾರ್ಡು ಹೊಸತು,
ಒಳಗಿನ ಗುರುತು ಮಾತ್ರ ಅಣ್ಣನದು.

ಕಣ್ಣು ಬಿಟ್ಟ ಗಳಿಗೆಯಲ್ಲಿ ಯಾವ ಯಂತ್ರಕ್ಕೂ ವಿಳಾಸವಿಲ್ಲ.
'ಇಂದ' ಎನ್ನುವಲ್ಲಿ ನಾಲ್ಕು ಸೊನ್ನೆ ಬರೆದು
'ಗೆ' ಎನ್ನುವಲ್ಲಿ ಎಲ್ಲರಿಗೂ ಎಂದು ಬರೆದು
ತಂತಿಗುಂಟ ಕೂಗುತ್ತದೆ: ನನಗೊಂದು ಜಾಗ ಬೇಕು,
ನಾನು ಇಂಥವನು.
ಕಾರ್ಯದರ್ಶಿ ಕೋಣೆಯ ಮೂಲೆಯಲ್ಲಿ
ಹಳೇ ಟವೆಲ್ ಹೊದ್ದ ಸರ್ವರ್ ಖಾತೆ ತಿರುವಿ
ಖಾಲಿ ಇದ್ದದ್ದು ಕೊಡುತ್ತದೆ. ಸ್ವಂತಕ್ಕಲ್ಲ, ಬಾಡಿಗೆಗೆ.
ಎಂಟು ತಾಸು.
ಇವತ್ತು ಒಂದೇ ಗುರುತು ಎರಡು ಬಾಯಲ್ಲಿ ಕೂಗಿ
ಒಂದೇ ಮನೆಯ ಬೀಗದಕೈ ಇಬ್ಬರಿಗೂ ಸಿಕ್ಕಿದೆ.

ನಿಟುವಳ್ಳಿಯಲ್ಲಿ ನಿನ್ನೆ ನಾನೂ ಕೂಗಿದೆ.
ಮೂರನೇ ಕ್ರಾಸು, ಹಸಿರು ಗೇಟು, ಮಹಡಿ ಮೇಲೊಂದು ಕೋಣೆ.
ಸರ್ವಮಂಗಳಮ್ಮ ಚಾಪೆ ಹಾಸಿದರು, ನೀರು ಕೊಟ್ಟರು,
ಫ್ಯಾನು ಹಾಕಿದರು.
ಹೆಸರೇನವ್ವಾ? ಹೇಳಿದೆ.
ಅಪ್ಪನ ಹೆಸರು? ಹೇಳಿದೆ.
ಊರು? ಜಗಳೂರಿನ ಆಚೆ.
ಊರಾಗೆ ಮನೆ ಎಲ್ಲಿ ಬರ್ತದೆ, ಅಗಸಿ ಒಳಗೋ ಹೊರಗೋ?
ನಗುನಗುತ್ತಲೇ, ಮೊರದ ಸೊಪ್ಪು ಸೋಸುತ್ತಲೇ,
"ಅಂದ್ರೆ, ಯಾರ ಪೈಕಿ ಆಗಬೇಕು ನೀವು?"

ಫ್ಯಾನು ತಿರುಗುತ್ತಿತ್ತು.
"ಮಗ ಬರಲಿ, ಕೇಳಿ ಫೋನ್ ಮಾಡ್ತೀನಿ."

ರಾತ್ರಿ ಹಾಸ್ಟೆಲಿನ ಚಂದ್ರವ್ವ ಬೈದಳು:
"ಬಾಯಿಗೆ ಬಂದದ್ದೊಂದು ಹೇಳೋದಲ್ವೇನೇ,
ಎದೆ ಬಗೆದು ನೋಡ್ತಾರಾ?"

ಇಲ್ಲಿ ಹಾಗೆ ಹೇಳಬಹುದು ಸಾಬರೇ.
ಒಂದು ಕಡತ, ಅದರೊಳಗೆ ಒಂದು ಸಾಲು.
ಕಾರ್ಖಾನೆಯಲ್ಲಿ ಕಾರ್ಡಿಗೆ ಕೆತ್ತಿದ ಹುಟ್ಟುಗುರುತೇ ಸಾಕು ಅನ್ನಬಹುದು,
ಬೇಡ, ನಾನಿಟ್ಟದ್ದೇ ಹೆಸರು ಅನ್ನಬಹುದು.
ಕುಂಬಳಕಾಯಿ ಅಂತ ಬರೆದರೂ ಸರ್ವರ್ ಹುಬ್ಬೇರಿಸದು.
ಅದು ಅಗಸಿ ಕೇಳುವುದಿಲ್ಲ.
ಇನ್ನೊಬ್ಬರದ್ದು ಹೇಳಬೇಡ, ಅಷ್ಟೇ ಅದರ ಷರತ್ತು.

ಹಳೇ ಗುರುತು ಅಳಿಸಿದೆ. ಮೂವತ್ತೆರಡು ಅಕ್ಷರ.
ಅಳಿಸುವ ಮುನ್ನ ಕೈ ಒಂಚೂರು ನಿಂತಿತು, ಯಾಕೋ.
"ಈ ಕಾಟಾಕ್ಕೆ ನೀವೇನಂತ ಕರೀತೀರಿ?"
"ಬೇವಿನಮರದ ಕಾಟಾ," ಅಂದರು.
ಮರ ಕಡಿದು ಆರು ವರ್ಷವಾಯಿತಂತೆ.
ಅದನ್ನೇ ಹೊಡೆದೆ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಅಡ್ಡಗೆರೆ ಎಳೆದು.
ಎಬ್ಬಿಸಿದೆ. ನಾಲ್ಕು ಸೊನ್ನೆ. ಕೂಗು.
ಉಸಿರು ಹಿಡಿದು ಬಿಟ್ಟಷ್ಟು ಹೊತ್ತು.
ನೂರಾ ಹದಿನಾರು ಅಂತ ಬಂತು ಉತ್ತರ.

ತಟ್ಟೆ ಮೇಲಿನ ಲಾರಿಯ ಡ್ರೈವರ್ ತಲೆ ಹೊರಗೆ ಹಾಕಿ
"ಯಾರ್ಲೇ ಆ ಹುಡುಗಿ?" ಅಂದ.
"ಕಾಟಾದ ಪೈಕಿ," ಅಂದರು ಸಾಬರು,
ಮಂಡಕ್ಕಿ ಕಾಗದ ಮಡಚಿ ಕಿವಿ ಹಿಂದಿನ ಬೀಡಿ ತೆಗೆಯುತ್ತ.

ಲಾರಿ ಇಳಿದ ಮೇಲೆ ಪರೀಕ್ಷೆಗೆಂದು ನಾನೇ ಹತ್ತಿ ನಿಂತೆ.
ಅರವತ್ತು ಅಂತು. ಆಸ್ಪತ್ರೆಯಲ್ಲಿ ಐವತ್ತಾರು ಇದ್ದೆ,
ಹತ್ತರ ಕೆಳಗೆ ಇದು ಲೆಕ್ಕ ಇಡುವುದಿಲ್ಲ.
ಜೇಬಿನಲ್ಲಿ ಫೋನು, ಸುಮ್ಮನೆ.
ಇನ್ನು ನಾಲ್ಕು ತಾಸಿಗೆ, ಅರ್ಧ ಬಾಡಿಗೆ ತೀರುವ ಹೊತ್ತಿಗೆ,
ಯಂತ್ರ ತಾನಾಗಿಯೇ ಮತ್ತೆ ಕೇಳುತ್ತದೆ:
ಇಲ್ಲೇ ಇರಲಾ?