ನೂರು ಹೆಸರು

ಸಿದ್ದಾಪುರದ ಬಸ್ ಸ್ಟ್ಯಾಂಡಿನೆದುರು, ಬೇಕರಿಯ ಮಹಡಿಯಲ್ಲಿ
ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಬೋರ್ಡು,
ಮೆಟ್ಟಿಲು ಹತ್ತಿ ಬರುವ ಪಫ್ಸಿನ ಬಿಸಿ ವಾಸನೆ.
ಕಂಪನಿಗೆ ಆರು ತಿಂಗಳು ಪ್ರಾಯ.
ಹುಡುಗನಿಗೆ ಇಪ್ಪತ್ತಾರು. ಲೋಹಿತ್ ಪೂವಯ್ಯ.
ಇಸ್ತ್ರಿಯ ಗೆರೆ ಇನ್ನೂ ಮುರಿಯದ ಅಂಗಿ.

"ಜಾಹೀರಾತಿಗೆ ನಮ್ಮಲ್ಲಿ ದುಡ್ಡಿಲ್ಲ ಆಂಟಿ,
ಅಂಗಡಿಯಿಲ್ಲ, ಗೋಡೌನಿಲ್ಲ, ಸಂಬಳದವರಿಲ್ಲ.
ನಿಮ್ಮ ಪರಿಚಯವೇ ನಮ್ಮ ಬಂಡವಾಳ."
ಬೋರ್ಡಿನ ಮೇಲೊಂದು ಸೊನ್ನೆ ಬರೆದ. ಅದು ನಾನಂತೆ.
ನನ್ನ ಕೆಳಗೆ ಮೂರು. ಮೂರರ ಕೆಳಗೆ ಒಂಬತ್ತು.
ಅಷ್ಟರಲ್ಲಿ ಮಾರ್ಕರು ಒಣಗಿತು;
ಮಿಕ್ಕಿದ್ದನ್ನು ಗಾಳಿಯಲ್ಲಿ ಬರೆದ.

ಕೈಗೆ ಒಂದು ಬಾಟಲಿ ಕಾಳುಮೆಣಸಿನ ನೋವಿನೆಣ್ಣೆ,
ಒಂದು ಗೆರೆಹಾಳೆ:
ನಾಳೆಯೊಳಗೆ ನೂರು ಹೆಸರು.

ನೂರು ಏನು ಮಹಾ. ಇಪ್ಪತ್ತೆರಡು ವರ್ಷದಿಂದ
ಅಂಚೆ ಕಚೇರಿಯ ಆರ್.ಡಿ. ಏಜೆಂಟು ನಾನು.
ಬಟವಾಡೆಯ ಮರುದಿನ, ಆನೆ ಯಾವ ತೋಟದಲ್ಲಿದೆ ಎಂದು ಕೇಳಿಕೊಂಡು
ಲೈನ್ ಮನೆಗಳ ಕಡೆ ನಡೆಯುವವಳು.
ಯಾರ ದುಡ್ಡು ಯಾವ ಡಬ್ಬಿಯಲ್ಲಿದೆ ಗೊತ್ತು,
ಯಾವ ಗಂಡನಿಗೆ ಆ ಡಬ್ಬಿ ಗೊತ್ತಿಲ್ಲ ಎನ್ನುವುದೂ.

ರಾತ್ರಿ ಬರೆಯಲು ಕೂತೆ.
ಒಂದು, ಚೋಂದಮ್ಮ. ಹೈಸ್ಕೂಲಿನಿಂದ ಜೊತೆ.
ಎರಡು, ಮೀನು ಮಾರುವ ಪಾತುಮ್ಮ. ಮಂಡಿನೋವು, ತೆಗೆದುಕೊಂಡಾಳು.
ಮೂರು, ರೋಸಿಲಿ ಟೀಚರು. ಇಲ್ಲ ಎನ್ನಲು ಬಾರದವರು.
ಕರಡಿಗೋಡಿಗೆ ಹೊಳೆ ನುಗ್ಗಿದ ರಾತ್ರಿ ನನಗೆ ಚಾಪೆ ಕೊಟ್ಟವರು
ನಾಲ್ಕರಿಂದ ಒಂಬತ್ತು.
ಹತ್ತು, ಲೈನ್ ಮನೆಯ ಕಾಳಿ.

ಹೆಸರಿನ ಪಕ್ಕ ಒಂದು ಕಾಲಂ: 'ಇವರ ಕನಸು ಏನು?'
ಕಾಳಿಯದು ಗೊತ್ತು, ಹೊಲಿಗೆ ಮೆಷಿನ್ನು. ಇನ್ನು ಏಳು ಕಂತು.
ಬರೆಯಲು ಹೋದೆ. ಅವಳ ಡಬ್ಬಿಯನ್ನು
ಬೀದಿಯಲ್ಲಿಟ್ಟು ಮುಚ್ಚಳ ತೆಗೆದ ಹಾಗಾಯಿತು.

ನಿದ್ದೆ ಬರಲಿಲ್ಲ. ಹಳೇ ರಸೀದಿಯ ಬೆನ್ನಿಗೆ ಮೂರರ ಮಗ್ಗಿ:
ಮೂರು, ಒಂಬತ್ತು, ಇಪ್ಪತ್ತೇಳು, ಎಂಬತ್ತೊಂದು...
ಹನ್ನೆರಡನೇ ಸುತ್ತಿಗೆ ಐದು ಲಕ್ಷ ಮೂವತ್ತೊಂದು ಸಾವಿರ.
ತೊಟ್ಟಿಲ ಕೂಸನ್ನೂ ಸೇರಿಸಿ ಕೊಡಗು ಅಲ್ಲಿಗೆ ಮುಗಿಯಿತು.
ಹದಿಮೂರಕ್ಕೆ ಯಾರು?
ದುಬಾರೆಯ ಆನೆಗಳಿಗೆ ಎಣ್ಣೆ ಹಚ್ಚಬೇಕು.

ಬೆಳಗ್ಗೆ ಏಳೂವರೆಗೆ ಬಾಗಿಲು ತಟ್ಟಿದ್ದು ಚೋಂದಮ್ಮ.
ನಾಲ್ಕು ತಿಂಗಳಿಂದ ಈ ಕಡೆ ಬಾರದವಳು.
"ಎಂತ ಮಾರಾಯ್ತಿ, ಸೊಂಟ ಹೇಗಿದೆ ಈಗ?"
ಹಾಳೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು:
'ಮೊದಲು ಆರೋಗ್ಯ ವಿಚಾರಿಸಿ.'
ನನ್ನ ಕಣ್ಣು ಅವಳ ಚೀಲಕ್ಕೆ ಹೋಯಿತು.
ಅವಳ ಕಣ್ಣು ಮೇಜಿನ ಮೇಲಿನ ನನ್ನ ಬಾಟಲಿಗೆ.

ನಕ್ಕೆವು. ಕಾಫಿ ಕುಡಿದೆವು.
ಅವಳ ಹಾಳೆಯಲ್ಲೂ ಒಂದನೇ ಹೆಸರು ನನ್ನದೇ.
ಕನಸಿನ ಕಾಲಮ್ಮಿನಲ್ಲಿ ಏನೋ ಬರೆದು ಹೊಡೆದುಹಾಕಿದ್ದಳು;
ನಾನು ಕೇಳಲಿಲ್ಲ.
ಸೊಂಟ ಹೇಗಿದೆಯೆಂದೂ
ಕೊನೆಗೂ ಹೇಳಲಿಲ್ಲ.

ಎಣ್ಣೆ ಒಳ್ಳೆಯದೇ, ಸುಳ್ಳು ಹೇಳಬಾರದು.
ಪಾತುಮ್ಮನ ಮಂಡಿಗೆ ಎರಡು ಬಾಟಲಿಯೂ ಹೋಯಿತು,
ಬದಲಿಗೆ ಒಂದು ಕೇಜಿ ಮತ್ತಿ.

ಹಾಳೆ ವಾಪಸು ಕೊಡಲು ಮಹಡಿ ಹತ್ತಿದೆ.
ಎಂಟು ಕುರ್ಚಿ ಉಳಿದಿದ್ದವು.
ಅವನ ಮೇಲೂ ಒಂದು ಸೊನ್ನೆ ಇದೆಯಂತೆ, ಮೈಸೂರಿನಲ್ಲಿ,
ಎರಡು ದಿನದಿಂದ ಫೋನು ಎತ್ತುತ್ತಿಲ್ಲವಂತೆ.
"ಬರೀ ಹತ್ತೇ ಹೆಸರಾ ಆಂಟಿ?" ಎಂದ.
ಅಂಗಿಯ ಇಸ್ತ್ರಿ ಮುರಿದಿತ್ತು.

ಚೀಲದಿಂದ ನನ್ನ ಫಾರಂ ತೆಗೆದೆ.
ತಿಂಗಳಿಗೆ ಇನ್ನೂರು ಸಾಕು, ಐದು ವರ್ಷ,
ನಿನ್ನ ಕೆಳಗೆ ಯಾರನ್ನೂ ತರಬೇಕಿಲ್ಲ ಎಂದೆ.
ಒಪ್ಪಿದನೋ, ಎದುರಾಡಲು ಸುಸ್ತೋ, ಪೆನ್ನು ತೆಗೆದುಕೊಂಡ.
ಹೆಸರು ಬರೆದ. ವಿಳಾಸ ಬರೆದ.
ನಾಮಿನಿ ಎಂಬಲ್ಲಿ ನಿಂತ.

"ಒಂದೇ ಹೆಸರಪ್ಪ," ಎಂದೆ.

ಕೆಳಗೆ ವಿರಾಜಪೇಟೆಯ ಬಸ್ಸು ಬಂತು, ಹೊರಟೂ ಹೋಯಿತು.
ಅವನು ಇನ್ನೂ ಯೋಚಿಸುತ್ತಿದ್ದ.