ಮಂಗಳವಾರ ಅಂಗಡಿ ರಜೆ

ಕನ್ನಡಿಯ ಮೇಲೆ ಸೋಪಿನ ನೊರೆಯಲ್ಲಿ
ಮಕಬೂಲ ಬರೆದಿದ್ದಾನೆ: ಕಡೂರು ಇಪ್ಪತ್ತೆರಡು,
ಅದರ ಕೆಳಗೆ ನಾವು, ಹದಿನೆಂಟು.
ಕುರ್ಚಿಯಲ್ಲಿ ಕೂತವರಿಗೆಲ್ಲ ಈಗ
ಹಣೆಯ ಮೇಲೇ ಕಾಣುತ್ತದೆ ಅರಸೀಕೆರೆಯ ಹಣೆಬರಹ.
ಒರೆಸಬೇಡ ಅಂದಿದ್ದಾನೆ. ಒರೆಸಿಲ್ಲ.

"ಬೇಲೂರಿನವರನ್ನು ಹೊಡೆದರೆ ಇಪ್ಪತ್ತಮೂರು.
ಆಮೇಲೆ ಕಡೂರು ತರೀಕೆರೆಗೆ ಸೋಲಬೇಕು.
ಬರೀ ಸೋತರೆ ಸಾಲದು, ಎಂಟರಲ್ಲಿ ಸೋಲಬೇಕು;
ಏಳರಲ್ಲಿ ಸೋತರೆ ಸೋತದ್ದಕ್ಕೂ ಒಂದು ಪಾಯಿಂಟು."
ಸೋತದ್ದಕ್ಕೆ ಪಾಯಿಂಟು ಕೊಡೋ ಲೋಕ
ನಮ್ಮ ಕಾಲಕ್ಕೆ ಇರಲಿಲ್ಲ ಬಿಡಪ್ಪ, ಅನ್ನುತ್ತಾರೆ
ರೈಲ್ವೆ ಗ್ಯಾಂಗಿನಿಂದ ನಿವೃತ್ತರಾದ ಚೆನ್ನಿಗಪ್ಪ.
ತಲೆಯಲ್ಲಿ ಒಂದು ಕೂದಲಿಲ್ಲ,
ಕಬಡ್ಡಿ ಶುರುವಾದಾಗಿನಿಂದ ದಿನಾ ಬರುತ್ತಾರೆ.

ರಂಗಧಾಮನ ಹೆಗಲು ಜಾರಿದ್ದು ಬಾಣಾವರದ ಮ್ಯಾಟಿನಲ್ಲಿ.
ನಾಟಿ ಎಣ್ಣೆ, ಬಿದಿರ ಪಟ್ಟಿ, ಇನ್ನೂ ಹದಿನೈದು ದಿನ.
ಎಡ ಕಾರ್ನರಿಗೆ ಈಗೊಬ್ಬ ಪಿಯುಸಿ ಹುಡುಗ,
ಕಾಲು ಹಿಡಿಯುತ್ತಾನೆ, ಹಿಡಿದ ಮೇಲೆ
ತಪ್ಪಾಯ್ತು ಅನ್ನೋ ಹಾಗೆ ಬಿಟ್ಟುಬಿಡುತ್ತಾನೆ.

ಅದೆಲ್ಲ ಇರಲಿ. ಲೋಕ್ಯಾ ನಾಯ್ಕನಿಗೆ ಏನಾಗಿದೆ?
ನಾಲ್ಕು ಮ್ಯಾಚು, ಮೂವತ್ತೊಂದು ರೈಡು, ಐದು ಪಾಯಿಂಟು.
ಅದರಲ್ಲಿ ಎರಡು ಬೋನಸ್ಸು.
ಪಾದ ಉಳುಕಿದೆ, ಮುಚ್ಚಿಟ್ಟಿದ್ದಾನೆ, ಅಂತ ಒಬ್ಬ.
ಹೆಣ್ಣು ಗೊತ್ತಾಗಿದೆಯಂತೆ, ಅಂತ ಇನ್ನೊಬ್ಬ.
ಹೊಸ ಶೂಸಿನ ದೋಷ. ತಾಂಡಾದವರ ಕಣ್ಣು. ಕೋಚಿನ ಕಣ್ಣು.
"ಕೂರಿಸಿ ಅವನನ್ನ ಬೆಂಚಿಗೆ!" ಕೊಬ್ಬರಿ ಮಂಡಿಯ ದ್ಯಾವಣ್ಣ
ಮುಖದ ತುಂಬ ನೊರೆ ಇಟ್ಟುಕೊಂಡೇ ಕೂಗುತ್ತಾನೆ.
"ಕೂರಿಸಿದರೆ ಏಳೋದು ಯಾರು, ನೀನಾ?"
ಎಲ್ಲರೂ ನನ್ನ ಕಡೆ ತಿರುಗುತ್ತಾರೆ.
ನಾನು ಕತ್ತಿಗೆ ಹೊಸ ಬ್ಲೇಡು ಹಾಕುತ್ತೇನೆ.

ನನಗೆ ಗೊತ್ತು.
ಗಂಟಲಿಗೆ ಕತ್ತಿ ಇಡುವಾಗ ಉಸಿರು ಹಿಡಿ ಅನ್ನುತ್ತೇನೆ ಯಾರಿಗಾದರೂ.
ಹೋದ ವರ್ಷ ಈ ಹುಡುಗ
ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ದಮ್ಮು,
ನಾನೇ ಹೆದರಿ "ಬಿಡೋ ಮಾರಾಯ" ಅನ್ನಬೇಕಿತ್ತು.
ಶನಿವಾರ, ಬಾಗಿಲು ತೆಗೆದ ಹೊತ್ತಿಗೇ ಬಂದು ಕೂತ.
ಗಂಟಲ ಮಣಿ ದಾಟುವುದರೊಳಗೆ ಎರಡು ಸಲ ಬಿಟ್ಟ.
ಟವೆಲು ಕೊಡವಿದರೆ ಕತ್ತಿನಿಂದ ಉದುರಿದ್ದು ಕೂದಲಲ್ಲ,
ಬಿಳೀ ಧೂಳು.
"ಕ್ರಷರಿನಲ್ಲಿ ರಾತ್ರಿ ಪಾಳಿ, ಅಣ್ಣ. ಆಗಸ್ಟಿನಿಂದ.
ಕಬಡ್ಡಿ ಕಬಡ್ಡಿ ಅನ್ನುತ್ತ ಗೆರೆ ದಾಟುತ್ತೇನೆ,
ಮೂರನೇ ಕಬಡ್ಡಿಗೆ ಎದೆಯೊಳಗೆ ಜಲ್ಲಿ ಅಲುಗಾಡುತ್ತೆ.
ಯಾರಿಗೂ ಹೇಳಬೇಡ, ಇನ್ನೊಂದೇ ಮ್ಯಾಚು."

ಹೇಳಿಲ್ಲ.
ಕುರ್ಚಿಯಲ್ಲಿ ಕೂತವರು ಬಿಟ್ಟು ಹೋದ ಮಾತು
ಗುಡಿಸಿ ಮೂಲೆಗೆ ಸೇರಿಸುವುದೂ ನನ್ನ ಕಸುಬೇ.
ಆದರೆ ಅವರು ಅವನ ಐದು ಪಾಯಿಂಟನ್ನು ಎಣಿಸುವಾಗ
ನನಗೆ ನನ್ನ ಲೆಕ್ಕ ನೆನಪಾಗುತ್ತದೆ:
ಈ ತಿಂಗಳು ಮೂವರ ಕೆನ್ನೆ ಗೀರಿದ್ದೇನೆ.
ಬಲಗೈ ಹೆಬ್ಬೆರಳು ಸಂಜೆ ಹೊತ್ತಿಗೆ ತಾನಾಗೇ ಅದುರುತ್ತದೆ.
ಚೆನ್ನಿಗಪ್ಪ ನೋಡಿದ್ದಾರೆ. ನೋಡಿ, ಪೇಪರು ಮೇಲೆತ್ತಿಕೊಂಡರು.
ದ್ಯಾವಣ್ಣ ಪಟಿಕದ ಕಲ್ಲು ತಾನೇ ಒತ್ತಿಕೊಂಡು
ಹತ್ತು ರೂಪಾಯಿ ಹೆಚ್ಚಿಗೆ ಇಟ್ಟು ಹೋದ.
ಎದುರಿಗೆ ಏಸಿ ಹಾಕಿದ ಹೊಸ ಸಲೂನಿದೆ.
ಯಾರೂ ರಸ್ತೆ ದಾಟಿಲ್ಲ.

ನಾಳೆ ಮಂಗಳವಾರ, ಕತ್ತಿ ಮುಟ್ಟುವ ಹಾಗಿಲ್ಲ.
ಬೇಲೂರಿಗೆ ಒಂದು ಟೆಂಪೋ, ಹದಿನೇಳು ಜನ,
ತಲೆಗೆ ನೂರಿಪ್ಪತ್ತು, ಮಕಬೂಲನ ತಮಟೆಗೆ ಸೀಟು ಬೇರೆ.
ತರೀಕೆರೆಯಿಂದ ಸ್ಕೋರು ಹೇಳೋದಕ್ಕೆ
ದ್ಯಾವಣ್ಣನ ಷಡ್ಕ ಫೋನು ಹಿಡಿದು ಕೂರುತ್ತಾನಂತೆ.

ಎಲ್ಲ ಹೋದ ಮೇಲೆ ದೀಪ ಆರಿಸಲು ಹೋದೆ.
ಕನ್ನಡಿಯ ಅಂಕೆಗಳು ಒಣಗಿ ಪುಡಿ ಉದುರುತ್ತಿದ್ದವು,
ನಮ್ಮ ಎಂಟು ಅರ್ಧ ಅಳಿಸಿ
ಮೂರರ ಹಾಗೆ ಕಾಣುತ್ತಿತ್ತು.
ಬ್ರಷ್ಷು ಅದ್ದಿದೆ.
ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದು, ಉಸಿರು ಕಟ್ಟಿ,
ಎಂಟನ್ನು ಎಂಟು ಮಾಡಿದೆ.
ಕಡೂರಿನದನ್ನು ಹಾಗೇ ಬಿಟ್ಟೆ.